ಪೀಠ ಬರಿದು, ದೀಪವಿಲ್ಲ: ಶುಭ ಶುಕ್ರವಾರದ ಆರಾಧನೆಯಲ್ಲಿ ನಡೆಯುವುದೇನು?

ಪ್ರಶ್ನೆ: ನಾನು ಕ್ರೈಸ್ತನಲ್ಲ. ಜೊತೆಗೆ ಕೆಲಸ ಮಾಡುವ ಗೆಳೆಯರು ಕರೆದರು ಅಂತ ಶುಭ ಶುಕ್ರವಾರದ ಮಧ್ಯಾಹ್ನ ಬೆಂಗಳೂರಿನ ಒಂದು ಕಥೋಲಿಕ ಚರ್ಚ್‌ಗೆ ಹೋಗಿದ್ದೆ. "ಇವತ್ತು ಪೂಜೆ ಇರುವುದಿಲ್ಲ" ಎಂದು ಅವರು ಮೊದಲೇ ಹೇಳಿದ್ದರು. ಆದರೆ ಸುಮಾರು ಎರಡು ತಾಸು ಏನೇನೋ ನಡೆಯಿತು. ಪೀಠದ ಮೇಲೆ ಬಟ್ಟೆ ಕೂಡ ಇರಲಿಲ್ಲ. ಫಾದರ್ ಬಂದವರೇ ನೆಲದ ಮೇಲೆ ಬೋರಲು ಮಲಗಿಬಿಟ್ಟರು. ಆಮೇಲೆ ಎಲ್ಲರೂ ಸಾಲಾಗಿ ಹೋಗಿ ಶಿಲುಬೆಗೆ ಮುತ್ತಿಟ್ಟರು, ನಾನೂ ಹೋದೆ. ಕೊನೆಗೆ ಮಾತಿಲ್ಲದೆ ಎದ್ದು ಹೊರಟರು. ಇದು ನಮ್ಮಲ್ಲಿನ ತಿಥಿಯ ಥರದ್ದಾ? ಪೂಜೆ ಅಲ್ಲದಿದ್ದರೆ ಇದೇನು? ನಾನು ಶಿಲುಬೆಗೆ ಮುತ್ತಿಟ್ಟದ್ದು ತಪ್ಪಾಯಿತಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದೇ ನಿಮ್ಮನ್ನು ಜಾಸ್ತಿ ಕಾಡುತ್ತಿರಬಹುದು. ನೀವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಶಿಲುಬೆಯ ಹತ್ತಿರ ಹೋಗಲು, ತಲೆಬಾಗಲು, ಮುಟ್ಟಲು, ಮುತ್ತಿಡಲು ಯಾರಿಗೂ ಅಡ್ಡಿಯಿಲ್ಲ. ಆಮೇಲೆ ಕೊಡುವ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ಮಾತ್ರ ದೀಕ್ಷಾಸ್ನಾನ ಪಡೆದು ಕಥೋಲಿಕ ಸಭೆಯ ಒಳಗಿರುವವರಿಗೆ. ಗೌರವದಿಂದ ಹೋಗಿದ್ದೀರಿ. ಅಷ್ಟು ಸಾಕು.

ಈಗ ತಿಥಿಯ ವಿಷಯ. ಹೊರಗಿನಿಂದ ನೋಡಿದವರಿಗೆ ಹಾಗನ್ನಿಸುವುದು ಸಹಜ. ಒಬ್ಬರು ಸತ್ತ ದಿನ, ಉಪವಾಸ, ದೀಪವಿಲ್ಲ, ಗಂಟೆಯಿಲ್ಲ, ಎಲ್ಲರ ಮುಖದಲ್ಲೂ ಗಾಂಭೀರ್ಯ. ಆದರೆ ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ತಿಥಿಯಲ್ಲಿ ಬದುಕಿರುವವರು ತೀರಿಕೊಂಡವರಿಗಾಗಿ ಏನಾದರೂ ಮಾಡುತ್ತಾರೆ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಾರೆ. ಶುಭ ಶುಕ್ರವಾರದ ಆರಾಧನೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿ ನೋಡಿ. ಯೇಸುವಿನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಕೋರುವ ಒಂದೇ ಒಂದು ಸಾಲು ಅದರಲ್ಲಿಲ್ಲ. ಅವರಿಗಾಗಿ ಅಲ್ಲಿ ಯಾರೂ ಏನೂ ಮಾಡುವುದಿಲ್ಲ. ಅವರು ನಮಗಾಗಿ ಮಾಡಿದ್ದನ್ನು ಕೇಳುತ್ತಾರೆ, ನೋಡುತ್ತಾರೆ, ಮುಟ್ಟುತ್ತಾರೆ, ಕೊನೆಗೆ ತಿನ್ನುತ್ತಾರೆ. ನೀವು ಕಂಡ ಒಂದೊಂದು ವಿಚಿತ್ರಕ್ಕೂ ಕಾರಣ ಇಲ್ಲೇ ಇದೆ.

ಗೆಳೆಯರು "ಪೂಜೆ ಇಲ್ಲ" ಅಂದದ್ದು ಸರಿಯೇ. ಕನ್ನಡ ಕಥೋಲಿಕರು ಪೂಜೆ ಅಂದರೆ ಬಲಿಪೂಜೆಯನ್ನೇ ಹೇಳುವುದು. ಗುರುಗಳು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಕೈಯಲ್ಲಿ ತೆಗೆದುಕೊಂಡು, ಕೊನೆಯ ಭೋಜನದಲ್ಲಿ ಯೇಸು ಹೇಳಿದ ಮಾತುಗಳನ್ನು ಹೇಳಿ ಅರ್ಪಿಸುವ ಆರಾಧನೆ ಅದು. ವರ್ಷದ ಬೇರೆ ಎಲ್ಲ ದಿನವೂ ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಅದು ನಡೆಯುತ್ತಲೇ ಇರುತ್ತದೆ. ಶುಭ ಶುಕ್ರವಾರ ಮಾತ್ರ ಎಲ್ಲಿಯೂ ಇಲ್ಲ. ಶನಿವಾರ ರಾತ್ರಿಯ ಜಾಗರಣೆಯ ತನಕ ಹಾಗೆಯೇ. ಈ ಎರಡು ದಿನ ಮದುವೆಯಿಲ್ಲ, ಗುರುದೀಕ್ಷೆಯಿಲ್ಲ. ಪಾಪನಿವೇದನೆ ಕೇಳುತ್ತಾರೆ, ಕಾಯಿಲೆ ಬಿದ್ದವರಿಗೆ ಪವಿತ್ರ ಎಣ್ಣೆ ಹಚ್ಚಿ ಅಭ್ಯಂಗ ಮಾಡುತ್ತಾರೆ, ಅಷ್ಟೇ.

ಈ ಪದ್ಧತಿ ಬಹಳ ಹಳೆಯದು. ಕ್ರಿ.ಶ. 416ರಲ್ಲಿ ರೋಮ್‌ನ ಪೋಪ್ ಒಂದನೇ ಇನ್ನೊಸೆಂಟ್ ಅವರು ಇಟಲಿಯ ಗುಬ್ಬಿಯೊ ಊರಿನ ಧರ್ಮಾಧ್ಯಕ್ಷರಿಗೆ (ಬಿಷಪ್) ಬರೆದ ಕಾಗದದಲ್ಲಿ ಇದರ ಮಾತು ಬರುತ್ತದೆ. ಆ ಎರಡು ದಿನ ಯೇಸುವಿನ ಶಿಷ್ಯರಾದ ಪ್ರೇಷಿತರು ದುಃಖದಲ್ಲಿ, ಉಪವಾಸದಲ್ಲಿ ಕಳೆದರು, ಹಾಗಾಗಿ ಸಭೆಯೂ ಸಂಸ್ಕಾರಗಳನ್ನು ನಡೆಸುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ದುಃಖ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಅದರ ಕೆಳಗೆ ಇನ್ನೊಂದು ಯೋಚನೆಯೂ ಇದೆ. ದಿನದಿನದ ಬಲಿಪೂಜೆ ಯಾವ ಬಲಿಯನ್ನು ನಮ್ಮ ಮುಂದೆ ತರುತ್ತದೋ, ಶುಕ್ರವಾರ ಆ ಬಲಿಯ ದಿನವೇ. ಅವತ್ತು ಸಭೆ ತನ್ನ ಕೈಯನ್ನು ಬರಿದಾಗಿ ಇಟ್ಟುಕೊಂಡು ಶಿಲುಬೆಯ ಎದುರು ನಿಲ್ಲುತ್ತದೆ. ಅರ್ಪಿಸಲು ತನ್ನದು ಎಂದು ಏನನ್ನೂ ತರುವುದಿಲ್ಲ.

ನೀವು ಕಂಡದ್ದು ಮೂರು ದಿನದ ಒಂದೇ ಆರಾಧನೆಯ ನಡುವಿನ ಭಾಗ. ಇದನ್ನು ಎಷ್ಟೋ ಕಥೋಲಿಕರೂ ಗಮನಿಸುವುದಿಲ್ಲ. ಪವಿತ್ರ ಗುರುವಾರ ಸಂಜೆ ಕೊನೆಯ ಭೋಜನದ ಪೂಜೆ ನಡೆಯುತ್ತದೆ, ಗುರುಗಳು ಜನರ ಪಾದ ತೊಳೆಯುತ್ತಾರೆ. ಆ ಪೂಜೆ ಶಿಲುಬೆ ಗುರುತಿನಿಂದ ಶುರುವಾಗುತ್ತದೆ. ಆದರೆ ಕೊನೆಯಲ್ಲಿ ಆಶೀರ್ವಾದ ಇರುವುದಿಲ್ಲ. ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಬೇರೊಂದು ಜಾಗಕ್ಕೆ ಒಯ್ದು ಇಡುತ್ತಾರೆ. ಜನ ಅಲ್ಲಿ ನಡುರಾತ್ರಿಯವರೆಗೂ ಕೂತು ಪ್ರಾರ್ಥಿಸುತ್ತಾರೆ. ಅಷ್ಟರಲ್ಲಿ ಪೀಠದ ಬಟ್ಟೆ, ಮೇಣದ ಬತ್ತಿ, ಶಿಲುಬೆ ಎಲ್ಲವನ್ನೂ ತೆಗೆದಿರುತ್ತಾರೆ. ಶುಕ್ರವಾರದ ಆರಾಧನೆಗೆ ಶುರುವಿನಲ್ಲೂ ಶಿಲುಬೆ ಗುರುತಿಲ್ಲ, ಕೊನೆಯಲ್ಲೂ ಇಲ್ಲ. ಗುರುವಾರ ಶುರುವಾದದ್ದು ಇನ್ನೂ ಮುಗಿದಿಲ್ಲ, ಅದಕ್ಕೆ. ಅದು ಮುಗಿಯುವುದು ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆಯಲ್ಲಿ. ಗಂಟೆಗಳೂ ಅಷ್ಟೇ. ಗುರುವಾರದ ಪೂಜೆಯಲ್ಲಿ ಮಹಿಮಾಗಾನ ಹಾಡುವಾಗ ಬಾರಿಸಿದ ಗಂಟೆ ಮತ್ತೆ ಸದ್ದು ಮಾಡುವುದು ಶನಿವಾರ ರಾತ್ರಿಯ ಮಹಿಮಾಗಾನದಲ್ಲಿ. ನಡುವೆ ಬೇಕಾದರೆ ಮರದ ಹಲಗೆ ಬಡಿದು ಸದ್ದು ಮಾಡುವ ರೂಢಿ ಹಲವು ಕಡೆ ಇದೆ.

ಇನ್ನು ಫಾದರ್ ಬೋರಲು ಮಲಗಿದ್ದು. ಸಾಷ್ಟಾಂಗ ಬೀಳುವುದು ಕನ್ನಡಿಗರಿಗೆ ಹೊಸದಲ್ಲ, ಅಲ್ವಾ? ಕಥೋಲಿಕ ಗುರುಗಳು ದಿನಾ ಹಾಗೆ ಬೀಳುವುದಿಲ್ಲ. ಗುರುದೀಕ್ಷೆಯ ದಿನ ಬೀಳುತ್ತಾರೆ. ಆಮೇಲೆ ಪ್ರತಿ ವರ್ಷ ಈ ಒಂದು ಮಧ್ಯಾಹ್ನ ಬೀಳುತ್ತಾರೆ. ರೋಮ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಅವರೂ ಹೀಗೆ ನೆಲದ ಮೇಲೆ ಮಲಗುತ್ತಾರೆ. ವಯಸ್ಸಾಗಿ ಮೈ ಬಗ್ಗದವರು ಮೊಣಕಾಲೂರಿದರೆ ಸಾಕು. ಆಗ ಹಾಡಿಲ್ಲ, ಮಾತಿಲ್ಲ, ಜನರೆಲ್ಲ ಮೊಣಕಾಲ ಮೇಲೆ. ಆಮೇಲೆ ಗುರುಗಳು ಎದ್ದು, "ಪ್ರಾರ್ಥಿಸೋಣ" ಎಂದೂ ಹೇಳದೆ ನೇರ ಪ್ರಾರ್ಥನೆಗೆ ಇಳಿಯುತ್ತಾರೆ. ಪೂಜೆಯಲ್ಲಿ ಮಾತಿಗೆ ಮುಂಚೆ ನಮಸ್ಕಾರ ಇರುತ್ತದೆ. ಇಲ್ಲಿ ಅದೂ ಇಲ್ಲ. ನನಗೆ ಇಡೀ ಆರಾಧನೆಯಲ್ಲಿ ಅತ್ಯಂತ ಪ್ರಾಮಾಣಿಕ ಅನ್ನಿಸುವ ಗಳಿಗೆ ಇದು. ಹೇಳಲು ಮಾತಿಲ್ಲದಾಗ ಸಭೆ ಮಾತು ಹೊಸೆಯುವುದಿಲ್ಲ.

ಗುರುಗಳು ತೊಟ್ಟ ಬಟ್ಟೆಯ ಬಣ್ಣವನ್ನೂ ನೋಡಿರುತ್ತೀರಿ. ಕೆಂಪು. 1970ರಲ್ಲಿ ಹೊಸ ಪೂಜಾಗ್ರಂಥ ಬರುವ ಮೊದಲು ಈ ದಿನದ ಬಣ್ಣ ಕಪ್ಪಾಗಿತ್ತು. ಕಪ್ಪು ಸಾವಿನ ಮನೆಯ ಬಣ್ಣ. ಕೆಂಪು ರಕ್ತಸಾಕ್ಷಿಗಳ ಬಣ್ಣ, ಅರಸನ ಬಣ್ಣ ಕೂಡ. ಬರೀ ಬಟ್ಟೆ ಬದಲಾದದ್ದಲ್ಲ ಇದು. ಈ ದಿನವನ್ನು ಯಾವ ಕಣ್ಣಿನಿಂದ ನೋಡಬೇಕು ಎಂಬುದನ್ನು ಈ ಬದಲಾವಣೆ ತಿದ್ದಿತು.

ಅದೇ ಕಣ್ಣಿನಿಂದಲೇ ಓದುವ ಪಾಠಗಳನ್ನೂ ಆರಿಸಿದ್ದಾರೆ. ಮೊದಲು ಪ್ರವಾದಿ ಯೆಶಾಯನ ಗ್ರಂಥದಿಂದ, ಇತರರ ನೋವನ್ನು ಹೊತ್ತ ಸೇವಕನ ಹಾಡು. ಆಮೇಲೆ 31ನೇ ಕೀರ್ತನೆ, ಹಿಬ್ರಿಯರಿಗೆ ಬರೆದ ಪತ್ರದ ಒಂದು ಭಾಗ. ಕೊನೆಗೆ ಸಂತ ಯೊವಾನ್ನರ ಶುಭಸಂದೇಶದ 18 ಮತ್ತು 19ನೇ ಅಧ್ಯಾಯ ಪೂರ್ತಿ. ಅದರ ಹಿಂದಿನ ಗರಿಗಳ ಭಾನುವಾರ ಓದುವ ಯೇಸುವಿನ ಪಾಡಿನ ಕಥೆ ವರ್ಷಕ್ಕೊಂದರಂತೆ ಮತ್ತಾಯ, ಮಾರ್ಕ, ಲೂಕರಿಂದ ಬರುತ್ತದೆ. ಶುಕ್ರವಾರ ಮಾತ್ರ ಪ್ರತಿ ವರ್ಷವೂ ಯೊವಾನ್ನರದೇ.

ಯೊವಾನ್ನರು ಹೇಳುವ ಯೇಸು ಸೋತ ಮನುಷ್ಯನಂತೆ ಕಾಣುವುದಿಲ್ಲ. ಹಿಡಿಯಲು ಬಂದ ಸಿಪಾಯಿಗಳ ಎದುರು ತಾವೇ ಮುಂದೆ ಬಂದು "ಯಾರನ್ನು ಹುಡುಕುತ್ತಿದ್ದೀರಿ?" ಎಂದು ಕೇಳುತ್ತಾರೆ. "ನಾನೇ" ಎಂದಾಗ ಬಂದವರು ಹಿಂದೆ ಸರಿದು ನೆಲಕ್ಕೆ ಬೀಳುತ್ತಾರೆ. ರೋಮನ್ ಅಧಿಕಾರಿ ಪಿಲಾತ ನಡೆಸಿದ ವಿಚಾರಣೆಯಲ್ಲಿ ವಿಚಾರಣೆಗೆ ಒಳಗಾದವನು ಪಿಲಾತನೇ ಅನ್ನಿಸಿಬಿಡುತ್ತದೆ. ಬೇರೆ ಮೂವರ ಕಥೆಯಲ್ಲಿ ಸಿರೇನ್ ಊರಿನ ಸಿಮೋನ ಶಿಲುಬೆ ಹೊರುತ್ತಾನೆ. ಯೊವಾನ್ನರಲ್ಲಿ ಯೇಸುವೇ ಹೊತ್ತು ನಡೆಯುತ್ತಾರೆ. ಕೊನೆಯ ಮಾತು, ಎಲ್ಲವೂ ನೆರವೇರಿತು ಎಂಬುದು. ಕೆಲಸ ಮುಗಿಸಿದವರ ಮಾತು ಅದು. ಯೆಹೂದ್ಯರ ಪಾಸ್ಕ ಹಬ್ಬದ ಕುರಿಮರಿಗಳನ್ನು ಕಡಿಯುವ ಸಿದ್ಧತೆಯ ದಿನವೇ ಅವರ ಸಾವು ಆಯಿತು ಎಂದೂ, ಆ ಕುರಿಮರಿಯ ಹಾಗೆಯೇ ಅವರ ಒಂದು ಮೂಳೆಯನ್ನೂ ಮುರಿಯಲಿಲ್ಲ ಎಂದೂ ಯೊವಾನ್ನರು ಎತ್ತಿ ಹೇಳುತ್ತಾರೆ. ಯೇಸು ಪ್ರಾಣ ಬಿಟ್ಟರು ಎಂಬ ಸಾಲು ಬಂದಾಗ ಓದುವವರು ನಿಲ್ಲಿಸಿದ್ದು, ಎಲ್ಲರೂ ಮೊಣಕಾಲೂರಿದ್ದು ನಿಮಗೆ ನೆನಪಿರಬಹುದು.

ಎಷ್ಟೋ ಚರ್ಚ್‌ಗಳಲ್ಲಿ ಈ ಕಥೆಯನ್ನು ಹಂಚಿಕೊಂಡು ಓದುತ್ತಾರೆ. ಯೇಸುವಿನ ಮಾತು ಗುರುಗಳದು, ಉಳಿದದ್ದು ಓದುಗರದು, ಗುಂಪಿನ ಕೂಗು ಕೂತ ಜನರದು. "ಶಿಲುಬೆಗೇರಿಸಿ" ಎಂದು ಕೂಗುವುದು ನಾವೇ. ಇದು ಸಣ್ಣ ವಿಷಯವಲ್ಲ. ಈ ದಿನಕ್ಕೆ ಒಂದು ಕರಾಳ ಚರಿತ್ರೆಯೂ ಇದೆ. ಮಧ್ಯಯುಗದ ಯೂರೋಪಿನಲ್ಲಿ ಯೇಸುವನ್ನು ಕೊಂದವರು ಇವರೇ ಎಂದು ಯೆಹೂದ್ಯರ ಮೇಲೆ ಪವಿತ್ರ ವಾರದಲ್ಲೇ ದಾಳಿಗಳು ನಡೆದಿವೆ. ಹಾಗೆ ಬೊಟ್ಟು ಮಾಡಿದವರು ಈ ಆರಾಧನೆಯನ್ನು ಅರ್ಥವೇ ಮಾಡಿಕೊಂಡಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗುಂಪಿನ ಕೂಗು ನಮ್ಮ ಬಾಯಿಂದಲೇ ಬರುವಾಗ ಬೇರೆಯವರ ಕಡೆ ಬೆರಳು ತೋರಿಸಲು ಜಾಗವೆಲ್ಲಿದೆ?

ಇದರ ಮುಂದಿನದೇ ಸರ್ವರಿಗಾಗಿ ಮಾಡುವ ಮಹಾಪ್ರಾರ್ಥನೆ. ಹತ್ತು ಕೋರಿಕೆಗಳು. ಉದ್ದ ಅನ್ನಿಸಿ ಜನ ಗಡಿಯಾರ ನೋಡುವುದು ಇಲ್ಲೇ. ನನಗೆ ಮಾತ್ರ ಈ ಭಾಗದ ಮೇಲೆ ತುಂಬಾ ಪ್ರೀತಿ. ರೋಮ್ ಸಭೆಯ ಅತಿ ಹಳೆಯ ಪ್ರಾರ್ಥನಾ ಕ್ರಮ ಇಲ್ಲಿ ಇನ್ನೂ ಉಸಿರಾಡುತ್ತಿದೆ. ಮೊದಲು ಯಾರಿಗಾಗಿ ಪ್ರಾರ್ಥನೆ ಎಂದು ಹೇಳುತ್ತಾರೆ. ಆಮೇಲೆ ಎಲ್ಲರೂ ಮೌನವಾಗಿ ಪ್ರಾರ್ಥಿಸುತ್ತಾರೆ. ಮೊಣಕಾಲೂರುವ ಪದ್ಧತಿಯೂ ಉಂಟು. ಕೊನೆಗೆ ಗುರುಗಳು ಆ ಮೌನವನ್ನೆಲ್ಲ ಒಂದು ಪ್ರಾರ್ಥನೆಯಾಗಿ ಕೂಡಿಸಿ ಹೇಳುತ್ತಾರೆ. ಧರ್ಮಸಭೆ, ಪೋಪ್, ಎಲ್ಲ ಅಂತಸ್ತಿನ ವಿಶ್ವಾಸಿಗಳು, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರು, ಕ್ರೈಸ್ತರ ಐಕ್ಯತೆ, ಯೆಹೂದ್ಯ ಜನ, ಕ್ರಿಸ್ತನನ್ನು ನಂಬದವರು, ದೇವರನ್ನೇ ನಂಬದವರು, ಅಧಿಕಾರದಲ್ಲಿ ಇರುವವರು, ಕಷ್ಟದಲ್ಲಿ ಸಿಕ್ಕಿದವರು. 2020ರಲ್ಲಿ ಕೋವಿಡ್ ಹರಡಿದಾಗ ರೋಮ್ ಈ ಪಟ್ಟಿಗೆ ಸೋಂಕಿನಿಂದ ನರಳುವವರಿಗಾಗಿ ಒಂದು ವಿಶೇಷ ಕೋರಿಕೆ ಸೇರಿಸಿತು.

ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಯ ಕಥೆಯನ್ನು ನೀವು ತಿಳಿಯಬೇಕು. ಹಳೆಯ ಲತೀನ್ ಪ್ರಾರ್ಥನೆಯಲ್ಲಿ ಅವರನ್ನು ವಿಶ್ವಾಸವಿಲ್ಲದವರು ಎನ್ನುವ ಒಂದು ಕಟುವಾದ ಪದವಿತ್ತು. ಅವರಿಗಾಗಿ ಪ್ರಾರ್ಥಿಸುವಾಗ ಮಾತ್ರ ಮೊಣಕಾಲೂರುತ್ತಿರಲಿಲ್ಲ. 1955ರ ಸುಧಾರಣೆಯಲ್ಲಿ ಪೋಪ್ 12ನೇ ಪಿಯುಸ್ ಅವರು ಮೊಣಕಾಲೂರುವುದನ್ನು ಮತ್ತೆ ತಂದರು. 1959ರಲ್ಲಿ ಪೋಪ್ 23ನೇ ಜಾನ್ ಆ ಪದವನ್ನೇ ತೆಗೆಸಿದರು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಯೇಸುವಿನ ಸಾವಿನ ಹೊಣೆಯನ್ನು ಆ ಕಾಲದ ಎಲ್ಲ ಯೆಹೂದ್ಯರ ಮೇಲೂ ಇಂದಿನ ಯೆಹೂದ್ಯರ ಮೇಲೂ ಹೊರಿಸಬಾರದು ಎಂದು ಸ್ಪಷ್ಟವಾಗಿ ಹೇಳಿತು. 1970ರ ಪೂಜಾಗ್ರಂಥದಲ್ಲಿ ಇಡೀ ಪ್ರಾರ್ಥನೆಯೇ ಹೊಸದಾಯಿತು. ದೇವರು ಮೊದಲು ಮಾತಾಡಿದ್ದು ಈ ಜನರೊಂದಿಗೆ, ಅವರು ಆತನ ನಾಮದ ಪ್ರೀತಿಯಲ್ಲಿ, ಒಡಂಬಡಿಕೆಯ ನಿಷ್ಠೆಯಲ್ಲಿ ಬೆಳೆಯಲಿ ಎಂಬುದು ಈಗಿನ ಭಾವ. ಸಭೆ ತನ್ನ ಪ್ರಾರ್ಥನೆಯನ್ನು ತಾನೇ ತಿದ್ದಿಕೊಂಡ ಉದಾಹರಣೆ ಇದು. ತಡವಾಗಿ ತಿದ್ದಿಕೊಂಡಿತು ಎಂಬ ಮಾತೂ ನಿಜ.

ಏಳನೇ ಕೋರಿಕೆ ಬಂದಾಗ ನೀವು ಅಲ್ಲೇ ಕೂತಿದ್ದಿರಿ. ಕ್ರಿಸ್ತನನ್ನು ನಂಬದವರಿಗಾಗಿ ಎಂದಾಗ ನಿಮಗೆ ಮುಜುಗರ ಆಗಿದ್ದರೆ ನನಗೆ ಅರ್ಥವಾಗುತ್ತದೆ. ಅದರಲ್ಲಿ ಕೇಳುವುದೇನು ಎಂದು ಬಿಡಿಸಿ ಹೇಳಿಬಿಡುತ್ತೇನೆ. ಪವಿತ್ರಾತ್ಮನ ಬೆಳಕಿನಲ್ಲಿ ಅವರೂ ಉದ್ಧಾರದ ದಾರಿಗೆ ಬರಲಿ, ದೇವರ ಮುಂದೆ ಶುದ್ಧ ಮನಸ್ಸಿನಿಂದ ನಡೆಯುತ್ತಾ ಸತ್ಯವನ್ನು ಕಂಡುಕೊಳ್ಳಲಿ ಎಂಬುದು ಒಂದು ಅರ್ಧ. ಸಭೆಗೆ ತನ್ನ ನಂಬಿಕೆ ಹಂಚಿಕೊಳ್ಳುವ ಆಸೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಅರ್ಧ ನಮ್ಮ ಬಗ್ಗೆಯೇ. ನಾವು ಒಬ್ಬರನ್ನೊಬ್ಬರು ಪ್ರೀತಿಸುತ್ತಾ, ದೇವರ ಪ್ರೀತಿಗೆ ಇನ್ನೂ ಒಳ್ಳೆಯ ಸಾಕ್ಷಿಗಳಾಗಲಿ ಎಂದು ಕೇಳಿಕೊಳ್ಳುತ್ತೇವೆ. ನೀವು ಸತ್ಯ ಹುಡುಕಿ ಎಂದಷ್ಟೇ ಹೇಳಿ ಸುಮ್ಮನಾಗುವ ಪ್ರಾರ್ಥನೆ ಅಲ್ಲ ಅದು, ನಮ್ಮನ್ನೂ ಸರಿಮಾಡು ಎಂದು ಕೇಳುತ್ತದೆ. ಶಿಲುಬೆಯ ಎದುರು ನಿಂತ ಸಭೆ ಆ ದಿನ ಯಾರನ್ನೂ ಹೊರಗೆ ಬಿಡುವುದಿಲ್ಲ. ದೇವರೇ ಇಲ್ಲ ಎನ್ನುವವರನ್ನೂ ಬಿಡುವುದಿಲ್ಲ.

ಆಮೇಲೆ ಶಿಲುಬೆ. ಅದನ್ನು ತರುವ ರೀತಿ ಎರಡಿದೆ. ಬಟ್ಟೆ ಮುಚ್ಚಿದ ಶಿಲುಬೆಯನ್ನು ತಂದು ಮೂರು ಹಂತದಲ್ಲಿ ತೆರೆಯುವುದು ಒಂದು. ಮೊದಲು ಮೇಲ್ತುದಿ, ಆಮೇಲೆ ಬಲಗೈ, ಕೊನೆಗೆ ಪೂರ್ತಿ. ಬಟ್ಟೆಯಿಲ್ಲದ ಶಿಲುಬೆಯನ್ನು ಬಾಗಿಲಿಂದ ಮೂರು ಸಲ ನಿಲ್ಲಿಸುತ್ತಾ ಹೊತ್ತು ತರುವುದು ಇನ್ನೊಂದು. ಪ್ರತಿ ಸಲವೂ ಎತ್ತಿ ಹಿಡಿದು ಹಾಡುತ್ತಾರೆ: ಇಗೋ ಶಿಲುಬೆಯ ಮರ, ಲೋಕದ ಉದ್ಧಾರ ತೂಗಿದ್ದು ಇದರ ಮೇಲೆ. ಬನ್ನಿ, ಆರಾಧಿಸೋಣ ಎಂದು ಜನ ಉತ್ತರಿಸುತ್ತಾರೆ. ಗುರುಗಳು ಮೇಲಿನ ಪೂಜಾವಸ್ತ್ರ ಕಳಚಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೊದಲು ಹೋಗುವುದೂ ಉಂಟು. ಒಂದೇ ಶಿಲುಬೆ ಇಡಬೇಕು ಎಂಬುದು ನಿಯಮ. ಜನ ಜಾಸ್ತಿ ಅಂತ ನಾಲ್ಕೈದು ಶಿಲುಬೆ ಇಟ್ಟು ಬೇಗ ಮುಗಿಸುವುದು ನನಗೆ ಇಷ್ಟವಿಲ್ಲ. ಕಾಯುವುದೂ ಇದರ ಭಾಗವೇ. ಸಾಲು ಸಾಗದಷ್ಟು ಜನರಿದ್ದರೆ ಗುರುಗಳು ಶಿಲುಬೆಯನ್ನು ಎತ್ತಿ ಹಿಡಿಯುತ್ತಾರೆ, ಎಲ್ಲರೂ ನಿಂತಲ್ಲೇ ಮೌನವಾಗಿ ಆರಾಧಿಸಬಹುದು.

ಮರದ ತುಂಡಿಗೆ ಆರಾಧನೆ ಯಾಕೆ ಎಂದು ನೀವು ಕೇಳಬಹುದು. ಆರಾಧನೆ ಮರಕ್ಕೆ ಸಲ್ಲುವುದಿಲ್ಲ, ಅದರ ಮೇಲೆ ಸತ್ತವರಿಗೆ ಸಲ್ಲುತ್ತದೆ. ಈ ಪದ್ಧತಿಯ ಬೇರು ಜೆರುಸಲೇಮ್‌ನಲ್ಲಿದೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಏಜೇರಿಯಾ ಎಂಬ ಹೆಂಗಸು ದೂರದ ಪಶ್ಚಿಮದಿಂದ ಅಲ್ಲಿಗೆ ಯಾತ್ರೆ ಹೋಗಿ, ಕಂಡದ್ದನ್ನೆಲ್ಲ ಊರಿನ ಸಹೋದರಿಯರಿಗೆ ಬರೆದಳು. ಅವಳ ಬರಹದ ಒಂದು ಪ್ರತಿ 1884ರಲ್ಲಿ ಇಟಲಿಯ ಅರೆಟ್ಸೊ ಊರಿನಲ್ಲಿ ಸಿಕ್ಕಿತು. ಅದರಿಂದಲೇ ನಮಗೆ ಇಷ್ಟು ಗೊತ್ತು. ಶುಕ್ರವಾರ ಬೆಳಿಗ್ಗೆ ಧರ್ಮಾಧ್ಯಕ್ಷರು ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಬೆಟ್ಟದಲ್ಲಿ ಕುರ್ಚಿಯ ಮೇಲೆ ಕೂರುತ್ತಿದ್ದರು. ಎದುರಿಗೆ ಬಟ್ಟೆ ಹಾಸಿದ ಮೇಜು. ಬೆಳ್ಳಿಯ ಪೆಟ್ಟಿಗೆಯಿಂದ ಯೇಸುವಿನ ಶಿಲುಬೆಯದು ಎಂದು ನಂಬಿದ್ದ ಮರದ ತುಂಡನ್ನು ತೆಗೆದು ಇಡುತ್ತಿದ್ದರು. ಧರ್ಮಾಧ್ಯಕ್ಷರು ಅದರ ಎರಡು ತುದಿಯನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದರು, ಸುತ್ತಲೂ ಸೇವಕ ಗುರುಗಳ ಕಾವಲು. ಯಾಕೆ ಗೊತ್ತಾ? ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರವನ್ನು ಕಚ್ಚಿ ಒಂದು ಚೂರು ಕಿತ್ತುಕೊಂಡು ಹೋಗಿದ್ದರಂತೆ! ಜನ ಒಬ್ಬೊಬ್ಬರಾಗಿ ಬಂದು ಬಾಗಿ, ಮೊದಲು ಹಣೆಯಿಂದ, ಆಮೇಲೆ ಕಣ್ಣಿನಿಂದ ಅದನ್ನು ಮುಟ್ಟಿ, ಮುತ್ತಿಟ್ಟು ಹೋಗುತ್ತಿದ್ದರು. ಕೈಯಿಂದ ಮುಟ್ಟುತ್ತಿರಲಿಲ್ಲ.

ಹಣೆ, ಕಣ್ಣು. ಪವಿತ್ರವಾದದ್ದನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಕರ್ನಾಟಕದ ಚರ್ಚ್‌ಗಳಲ್ಲಿ ಎಷ್ಟೋ ಹಿರಿಯರು ಶಿಲುಬೆಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡುತ್ತೇನೆ. ಕೆಲವರು ಇದನ್ನು ಹಳ್ಳಿಯ ಅಭ್ಯಾಸ ಎಂದು ತಿದ್ದಲು ಹೋಗುತ್ತಾರೆ. ದಯವಿಟ್ಟು ತಿದ್ದಬೇಡಿ. 1,600 ವರ್ಷದ ಹಿಂದೆ ಆ ಬೆಟ್ಟದ ಮೇಲೆ ಜನ ಮಾಡಿದ್ದೂ ಅದನ್ನೇ.

ಸಾಲು ಸಾಗುವಾಗ ಹಾಡುವ ಹಾಡುಗಳಲ್ಲಿ ಒಂದು ಗುಂಪು ನಿಮ್ಮನ್ನು ತಟ್ಟಿರಬಹುದು. ನನ್ನ ಜನರೇ, ನಾನು ನಿಮಗೇನು ಮಾಡಿದೆ, ಯಾವುದರಲ್ಲಿ ನಿಮ್ಮನ್ನು ನೋಯಿಸಿದೆ, ಉತ್ತರ ಕೊಡಿ ಎಂದು ಶಿಲುಬೆಯ ಮೇಲಿರುವವರೇ ಕೇಳುವ ಹಾಡು. ಮೂಲ, ಪ್ರವಾದಿ ಮೀಕನ ಗ್ರಂಥದ ಮಾತು. ನಿಮ್ಮನ್ನು ದಾಸ್ಯದಿಂದ ಬಿಡಿಸಿದೆ, ನೀವು ನನಗೆ ಶಿಲುಬೆ ಮಾಡಿದಿರಿ ಎಂದು ಸಾಲು ಸಾಲಾಗಿ ದೂರು. ಜನ ಕೊಡುವ ಉತ್ತರ ಪವಿತ್ರ ದೇವರೇ, ನಮ್ಮನ್ನು ಕರುಣಿಸಿ ಎಂಬುದು. ರೋಮ್‌ನ ಪೂಜಾಗ್ರಂಥದಲ್ಲಿ ಈ ಉತ್ತರವನ್ನು ಗ್ರೀಕ್‌ನಲ್ಲೂ ಲತೀನ್‌ನಲ್ಲೂ ಉಳಿಸಿಕೊಂಡಿದ್ದಾರೆ. ಇನ್ನೊಂದು ಹಾಡು ಆರನೇ ಶತಮಾನದ ಕವಿ ವೆನಾಂತಿಯುಸ್ ಫೋರ್ತುನಾತುಸ್ ಬರೆದದ್ದು. ಅದು ಶಿಲುಬೆಯನ್ನು ಮರಗಳಲ್ಲೆಲ್ಲ ಶ್ರೇಷ್ಠವಾದ ಮರ ಎಂದು ಹೊಗಳುತ್ತದೆ. ಮೊದಲ ಹಾಡಿನಲ್ಲಿ ದೂರು, ಎರಡನೆಯದರಲ್ಲಿ ಜಯಕಾರ. ಎರಡನ್ನೂ ಒಂದೇ ಸಾಲಿನಲ್ಲಿ ನಿಂತು ಹಾಡುತ್ತೇವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಡಿದರೆ ದಿನ ಅರ್ಧವಾಗುತ್ತದೆ.

ಪೂಜೆ ಇಲ್ಲದ ದಿನ ಪರಮಪ್ರಸಾದ ಎಲ್ಲಿಂದ ಬಂತು? ಗುರುವಾರದ ಪೂಜೆಯಲ್ಲೇ ಶುಕ್ರವಾರಕ್ಕೂ ಸಾಕಾಗುವಷ್ಟು ಪವಿತ್ರೀಕರಿಸಿ ಇಟ್ಟಿರುತ್ತಾರೆ. ಶಿಲುಬೆಯ ಆರಾಧನೆ ಮುಗಿದ ಮೇಲೆ ಪೀಠಕ್ಕೆ ಬಟ್ಟೆ ಹಾಸಿ, ಎರಡು ದೀಪಗಳೊಂದಿಗೆ ಅದನ್ನು ತರುತ್ತಾರೆ. ಎಲ್ಲರೂ ಸೇರಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ ಹೇಳುತ್ತಾರೆ, ಆಮೇಲೆ ಪ್ರಸಾದ. ಮುಗಿದ ಮೇಲೆ ಬಟ್ಟೆ ಮತ್ತೆ ತೆಗೆಯುತ್ತಾರೆ. ಶತಮಾನಗಳ ಕಾಲ ಈ ದಿನ ಪ್ರಸಾದ ತೆಗೆದುಕೊಳ್ಳುತ್ತಿದ್ದವರು ಆರಾಧನೆ ನಡೆಸುವ ಗುರುಗಳು ಮಾತ್ರ. ಆರಾಧನೆಯನ್ನೂ ಬೆಳಿಗ್ಗೆಯೇ ಮುಗಿಸಿಬಿಡುತ್ತಿದ್ದರು. 1955ರ ನವೆಂಬರ್‌ನಲ್ಲಿ ಬಂದ ಆದೇಶದ ಪ್ರಕಾರ, 1956ರಿಂದ ಇದು ಮಧ್ಯಾಹ್ನದ ಹೊತ್ತಿಗೆ ಬಂತು, ಜನರಿಗೂ ಪ್ರಸಾದ ಸಿಗುವಂತಾಯಿತು. ಯೇಸು ಪ್ರಾಣ ಬಿಟ್ಟದ್ದು ಸುಮಾರು ಮೂರು ಗಂಟೆಗೆ ಎಂದು ಶುಭಸಂದೇಶ ಹೇಳುವುದರಿಂದ ಈಗಲೂ ಮೂರು ಗಂಟೆಯೇ ಮೆಚ್ಚಿನ ಸಮಯ. ಕೆಲಸ ಮುಗಿಸಿ ಬರುವವರಿಗಾಗಿ ಸ್ವಲ್ಪ ತಡವಾಗಿಯೂ ಇಟ್ಟುಕೊಳ್ಳಬಹುದು. ನಾನು ಮೊದಲು ಹೇಳಿದ ಮಾತು ಇಲ್ಲಿ ಪೂರ್ತಿಯಾಗುತ್ತದೆ. ಅವತ್ತು ಅರ್ಪಣೆಯಿಲ್ಲ, ಪಡೆಯುವುದು ಮಾತ್ರ ಇದೆ.

ಕೊನೆಗೆ ಮಾತಿಲ್ಲದೆ ಎದ್ದು ಹೊರಟರು ಎಂದಿರಿ. ಶಿಲುಬೆ ಗುರುತಿನ ಆಶೀರ್ವಾದ ಇರಲಿಲ್ಲ, ನಿಜ. ಆದರೆ ಗುರುಗಳು ಜನರ ಕಡೆ ಕೈ ಚಾಚಿ ಒಂದು ಸಣ್ಣ ಪ್ರಾರ್ಥನೆ ಹೇಳಿರುತ್ತಾರೆ. ಪುನರುತ್ಥಾನದ ಭರವಸೆಯಲ್ಲಿ ನಿನ್ನ ಪುತ್ರನ ಮರಣವನ್ನು ಗೌರವಿಸಿದ ಈ ಜನರ ಮೇಲೆ ನಿನ್ನ ಕೃಪೆ ಇಳಿಯಲಿ ಎಂದು. ಸಾವಿನ ದಿನದ ಕೊನೆಯ ಪ್ರಾರ್ಥನೆಯಲ್ಲೇ ಪುನರುತ್ಥಾನದ ಹೆಸರು ಬಂತು ನೋಡಿ. ಆಮೇಲೆ ಎಲ್ಲರೂ ಮೌನವಾಗಿ ಹೊರಡುತ್ತಾರೆ. ಶಿಲುಬೆ ಅಲ್ಲೇ ಉಳಿಯುತ್ತದೆ. ಶನಿವಾರ ರಾತ್ರಿಯವರೆಗೆ ಅದರ ಮುಂದೆ ಹಾದುಹೋಗುವವರು ಮೊಣಕಾಲೂರುತ್ತಾರೆ. ಬೇರೆ ದಿನ ಆ ಗೌರವ ಪರಮಪ್ರಸಾದಕ್ಕೆ ಮಾತ್ರ.

ಇದೇ ದಿನ ನೀವು ಕಾಣುವ ಬೇರೆ ಆಚರಣೆಗಳೂ ಇವೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಅಲ್ಲಲ್ಲಿ ನಿಂತು ಧ್ಯಾನಿಸುವ ಶಿಲುಬೆ ಹಾದಿ ಅವುಗಳಲ್ಲಿ ಮುಖ್ಯ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಬೆಳೆಸಿದ ಭಕ್ತಿ ಅದು. ಅದರ ಸ್ಥಳಗಳು ಹದಿನಾಲ್ಕು ಎಂದು ಪೋಪ್ 12ನೇ ಕ್ಲೆಮೆಂಟ್ 1731ರಲ್ಲಿ ನಿಗದಿ ಮಾಡಿದರು. ಗೋವಾದಲ್ಲಿ ಯೇಸುವಿನ ಮೃತದೇಹದ ಪ್ರತಿಮೆಯ ಮೆರವಣಿಗೆ ಇರುತ್ತದೆ. ಕೇರಳ ಮೂಲದ ಸಿರೋ ಮಲಬಾರ್ ಸಭೆಯ ಚರ್ಚ್‌ಗಳಲ್ಲಿ ಕಹಿಯಾದ ಪಾನೀಯ ಕುಡಿಯುತ್ತಾರೆ. ಶಿಲುಬೆಯ ಮೇಲಿದ್ದಾಗ ಯೇಸುವಿಗೆ ಹುಳಿರಸ ಕೊಟ್ಟದ್ದರ ನೆನಪಿಗೆ. ಇವೆಲ್ಲ ಜನರ ಭಕ್ತಿಯಿಂದ ಬೆಳೆದವು, ಒಳ್ಳೆಯವೇ. ಆದರೆ ಬೆಳಿಗ್ಗೆ ಶಿಲುಬೆ ಹಾದಿಗೆ ಬಂದು, ಮಧ್ಯಾಹ್ನದ ಆರಾಧನೆಗೆ ಬರದೆ ಉಳಿಯುವ ಕಥೋಲಿಕರಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ: ಎರಡರಲ್ಲಿ ಒಂದಕ್ಕೇ ಬರಲು ಆಗುವುದಾದರೆ ಮಧ್ಯಾಹ್ನದ್ದಕ್ಕೆ ಬನ್ನಿ. ಸಭೆ ಒಟ್ಟಾಗಿ ಪ್ರಾರ್ಥಿಸುವುದು ಅಲ್ಲಿ.

ಉಪವಾಸದ ಬಗ್ಗೆ ನಿಮ್ಮ ಗೆಳೆಯರು ಹೇಳಿರಬಹುದು. 18 ತುಂಬಿದವರಿಂದ 60ನೇ ವರ್ಷಕ್ಕೆ ಕಾಲಿಡುವವರೆಗಿನವರು ಅಂದು ಒಂದೇ ಹೊತ್ತು ಹೊಟ್ಟೆತುಂಬ ಉಣ್ಣುತ್ತಾರೆ. ಉಳಿದ ಎರಡು ಹೊತ್ತು ಅಲ್ಪಸ್ವಲ್ಪ. 14 ತುಂಬಿದವರೆಲ್ಲ ಮಾಂಸ ಬಿಡುತ್ತಾರೆ. ಕಾಯಿಲೆಯವರಿಗೆ ವಿನಾಯಿತಿ ಇದೆ.

ನಿಮಗೆ ನನ್ನದೊಂದು ಕೋರಿಕೆ. ನೀವು ನಡುವಿನ ಭಾಗವನ್ನು ಮಾತ್ರ ನೋಡಿದ್ದೀರಿ. ಮುಂದಿನ ಸಲ ಆದರೆ ಶನಿವಾರ ರಾತ್ರಿಯೂ ಹೋಗಿ. 2027ರಲ್ಲಿ ಶುಭ ಶುಕ್ರವಾರ ಮಾರ್ಚ್ 26ಕ್ಕೆ ಬರುತ್ತದೆ, ಜಾಗರಣೆ 27ರ ರಾತ್ರಿ. ಕತ್ತಲಾದ ಮೇಲೆ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ಅದರಿಂದ ದೊಡ್ಡ ಪಾಸ್ಕ ಬತ್ತಿ, ಆ ಬತ್ತಿಯಿಂದ ಜನರ ಕೈಯಲ್ಲಿರುವ ಬತ್ತಿಗಳು. ಆಮೇಲೆ ಜಗತ್ತಿನ ಸೃಷ್ಟಿಯಿಂದ ಶುರುಮಾಡಿ ಓದುತ್ತಾ ಹೋಗುತ್ತಾರೆ. ಪಾಠಗಳು ಬಹಳ ಇರುತ್ತವೆ, ಸ್ವಲ್ಪ ತಾಳ್ಮೆ ಬೇಕು. ಗೆಳೆಯರಿಗೆ ಮೊದಲೇ ಹೇಳಿಡಿ, ಬೇಗ ಹೋಗಿ ಒಳಗೆ ಜಾಗ ಹಿಡಿಯುವುದು ಒಳ್ಳೆಯದು.